ಮೂರು ಸಲ ಕೇಳಿದ ಕಾಫಿ: ವಿಮಾ ಕಂಪನಿಯ ಅಧಿಕಾರಿಗೊಂದು ಬಹಿರಂಗ ಪತ್ರ

ಸರ್, ನಮಸ್ಕಾರ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ನಮ್ಮ ಯಜಮಾನರ ಅಪಘಾತ ಪರಿಹಾರದ ಅರ್ಜಿಯ ವಿಚಾರವಾಗಿ ನೀವು ನಮ್ಮ ಮನೆಗೆ ಬಂದಿದ್ದಿರಿ. ಕೋಲಾರದಿಂದ ಮುಳಬಾಗಿಲಿನ ಕಡೆ ಹೋಗುವ ಹೆದ್ದಾರಿ ಬಿಟ್ಟು ಮೂರು ಕಿಲೋಮೀಟರ್ ಒಳಗೆ, ಹಾಲಿನ ಡೇರಿ ಪಕ್ಕದ ಮನೆ. ನಮ್ಮ ಯಜಮಾನರು ಜಗಲಿ ಮೇಲೆ ಕೂತಿದ್ದರು. ನಿಮ್ಮನ್ನು ಕಂಡದ್ದೇ ಎದ್ದು, "ಬನ್ನಿ ಸಾರ್, ಬನ್ನಿ, ಕೂತ್ಕೊಳ್ಳಿ" ಎಂದು ಒಳಗಿಂದ ಕುರ್ಚಿ ತಂದು ಹಾಕಿದರು. "ಕಾಫಿ ಕುಡೀತೀರಾ ಸಾರ್?" ಎಂದು ಕೇಳಿದರು. ನಾನು ಮಾಡಿ ಕೊಟ್ಟೆ, ನೀವು ಕುಡಿದಿರಿ. ಖಾಲಿ ಲೋಟ ಇನ್ನೂ ನಿಮ್ಮ ಕಾಲ ಹತ್ತಿರವೇ ಇತ್ತು, "ಕಾಫಿ ಕುಡೀತೀರಾ ಸಾರ್?" ಎಂದು ಮತ್ತೆ ಕೇಳಿದರು. ನೀವು ಬೇಡ ಎಂದು ತಲೆ ಆಡಿಸಿದಿರಿ. ಎದ್ದು ಚಪ್ಪಲಿ ಮೆಟ್ಟುವಾಗ ಮೂರನೇ ಸಲ ಕೇಳಿದರು. ನೀವು ನಕ್ಕು, "ಕೋಲಾರದವರ ಉಪಚಾರ ಜೋರು ಕಣಮ್ಮಾ" ಎಂದಿರಿ. ನಾನೂ ನಕ್ಕೆ. ಮನೆಗೆ ಬಂದವರ ಮುಂದೆ ಗಂಡನ ಮಾನ ಉಳಿಸಲು ನಕ್ಕ ನಗು ಅದು.

ನಿಮ್ಮ ವರದಿ ಆಮೇಲೆ ನಮ್ಮ ವಕೀಲರ ಕೈಸೇರಿತು. ಅರ್ಜಿದಾರರು ಯಾರ ನೆರವೂ ಇಲ್ಲದೆ ನಡೆದಾಡುತ್ತಾರೆ, ಸ್ಪಷ್ಟವಾಗಿ ಮಾತಾಡುತ್ತಾರೆ, ಮನೆಗೆ ಬಂದವರನ್ನು ಸತ್ಕರಿಸುತ್ತಾರೆ, ನೋಡಲು ಆರೋಗ್ಯವಾಗಿದ್ದಾರೆ ಎಂದು ಬರೆದಿದ್ದೀರಿ. ಒಂದೂ ಸುಳ್ಳಲ್ಲ. ಕಾಫಿ ಎಷ್ಟು ಸಲ ಕೇಳಿದರು ಎನ್ನುವುದೊಂದನ್ನು ಮಾತ್ರ ನೀವು ಬರೆದುಕೊಳ್ಳಲಿಲ್ಲ. ನಮ್ಮ ಇಡೀ ಕೇಸು ಇರುವುದೇ ಆ ಲೆಕ್ಕದಲ್ಲಿ.

ಪ್ರಕರಣ ನ್ಯಾಯಮಂಡಳಿಯ ಮುಂದಿದೆ. ಅದು ಏನು ಮಾಡಬೇಕು ಎಂದು ಹೇಳಲು ನಾನು ಯಾರು? ಈ ಪತ್ರ ನಿಮಗೆ. ಲೋಕ ಅದಾಲತ್ ದಿನ ನೀವು ಹೇಳಿದ ಮೊತ್ತಕ್ಕೆ ಒಪ್ಪದೆ ಎದ್ದು ಬಂದಾಗ, "ಏನಮ್ಮಾ, ಓಡಾಡ್ಕೊಂಡಿರೋ ಮನುಷ್ಯನಿಗೆ ಇನ್ನೆಷ್ಟು ಬೇಕು ನಿಮಗೆ?" ಎಂದು ಕೇಳಿದಿರಿ. ಅಲ್ಲಿ ಐವತ್ತು ಜನ ಇದ್ದರು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈಗ ಎಲ್ಲರೆದುರೂ ಬರೆಯುತ್ತಿದ್ದೇನೆ.

ಮೊದಲು ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಹೇಳಬೇಕು. ನಿಮ್ಮ ಕಾಗದದಲ್ಲಿ "ಕೂಲಿ" ಎಂದಿದೆ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಹದಿನಾಲ್ಕು ವರ್ಷ ಹರಾಜು ಕೂಗಿದವರು ಅವರು. ನೀವು ಆ ಯಾರ್ಡನ್ನು ನೋಡಿದ್ದೀರೋ ಇಲ್ಲವೋ. ಹದಿನೈದು ಕೆಜಿಯ ಬಾಕ್ಸ್‌ಗಳು ಸಾಲು ಸಾಲಾಗಿ ನಿಂತಿರುತ್ತವೆ. ಕೂಗುವವನು ಆ ಬಾಕ್ಸ್‌ಗಳ ಮೇಲೇ ಹತ್ತಿ ನಡೆಯುತ್ತಾನೆ, ಕೊಳ್ಳುವವರು ಎರಡೂ ಕಡೆ ಮುತ್ತಿಕೊಂಡು ಬರುತ್ತಾರೆ. ಒಬ್ಬ ಬಾಯಲ್ಲಿ ಕೂಗುತ್ತಾನೆ, ಇನ್ನೊಬ್ಬ ಬೆರಳು ಎತ್ತುತ್ತಾನೆ, ಮತ್ತೊಬ್ಬ ಬರೀ ಕಣ್ಣು ಮಿಟುಕಿಸುತ್ತಾನೆ. ಕೂಗು ಅರ್ಧ ಕನ್ನಡ, ಅರ್ಧ ತೆಲುಗು, ತಮಿಳುನಾಡಿನ ವ್ಯಾಪಾರಿ ನಿಂತಿದ್ದರೆ ನಡುವೆ ತಮಿಳು. ಯಾರ ಮಾಲು, ಎಷ್ಟು ಬಾಕ್ಸ್, ಹಣ್ಣೋ ದೋರೆಯೋ, ಕೊನೆಯ ರೇಟು ಯಾರದು, ಹೋದ ವಾರದ ಬಾಕಿ ಯಾರು ಕೊಟ್ಟಿಲ್ಲ, ಎಲ್ಲವೂ ತಲೆಯಲ್ಲಿ. ಒಂದು ಲಾಟ್ ಮುಗಿಯಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಹಿಂದೆ ಬರುವ ರೈಟರ್ ಚೀಟಿ ಬರೆಯುವ ಹೊತ್ತಿಗೆ ಇವರು ಮುಂದಿನ ಸಾಲಿನಲ್ಲಿರುತ್ತಿದ್ದರು. ಸಂಜೆ ಮನೆಗೆ ಬಂದು, ನನ್ನ ತವರಿನವರ ಐವತ್ತೆರಡು ಬಾಕ್ಸ್ ಯಾವ ರೇಟಿಗೆ ಹೋಯಿತು ಎಂದು ಕೇಳಿದರೆ ಬಾಯಲ್ಲೇ ಇರುತ್ತಿತ್ತು.

2023ರ ಜುಲೈ ನಿಮಗೂ ನೆನಪಿರಬೇಕು, ದೇಶವೆಲ್ಲ ಟೊಮೆಟೊ ಮಾತೇ ಆಡುತ್ತಿದ್ದ ತಿಂಗಳು. ಒಂದು ಬಾಕ್ಸ್ ಎರಡು ಸಾವಿರ ದಾಟಿತ್ತು. ಯಾರ್ಡಿನಲ್ಲಿ ಪೊಲೀಸರು, ಟಿವಿಯವರು. ಇವರು ಮನೆಗೆ ಬರುತ್ತಿದ್ದದ್ದೇ ಕತ್ತಲಾದ ಮೇಲೆ. ಹಾಗೆ ಬರುವಾಗಲೇ ಸರ್ವಿಸ್ ರಸ್ತೆಯಲ್ಲಿ ಹಿಂದಿನಿಂದ ಕಾರು ಬಂದು ಬೈಕಿಗೆ ಗುದ್ದಿತು. ಹೆಲ್ಮೆಟ್ ಹಾಕಿದ್ದರು, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಒಡೆದ ಹೆಲ್ಮೆಟ್ ಮಹಜರಿನಲ್ಲಿದೆ. ಅದು ಇಲ್ಲದಿದ್ದರೆ ನಾನು ಬೇರೆಯದೇ ಪತ್ರ ಬರೆಯಬೇಕಿತ್ತು.

ಬೆಂಗಳೂರಿನ ಆಸ್ಪತ್ರೆ ಸೇರಿದಾಗ ಕೇಸ್ ಶೀಟಿನಲ್ಲಿ ಬರೆದದ್ದು ಜಿಸಿಎಸ್ 7. ಆಗ ನನಗೆ ಅದು ಪರೀಕ್ಷೆಯ ಅಂಕದ ಹಾಗೆ ಕಂಡಿತ್ತು. ಒಂದು ರೀತಿಯಲ್ಲಿ ಅಂಕವೇ. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಎಂದು ನೋಡಿ 3ರಿಂದ 15ರವರೆಗೆ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಎಂದರೆ ತಲೆಗೆ ತೀವ್ರ ಪೆಟ್ಟು. ಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಹನ್ನೊಂದು ದಿನ ವೆಂಟಿಲೇಟರ್. ಇಪ್ಪತ್ತಾರನೇ ದಿನ ಡಿಸ್ಚಾರ್ಜ್. ಕಾಗದದಲ್ಲಿ "ಕಾನ್ಷಿಯಸ್, ಓರಿಯೆಂಟೆಡ್, ಆಂಬುಲೆಂಟ್" ಎಂದು ಬರೆದಿದ್ದರು. ಎಚ್ಚರವಾಗಿದ್ದಾರೆ, ಊರು-ಹೆಸರು ಗೊತ್ತಿದೆ, ನಡೆಯುತ್ತಾರೆ ಎಂದರ್ಥ. ಅವತ್ತು ಆ ಮೂರು ಪದ ನೋಡಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ, ಸಂತೋಷಕ್ಕೆ. ಇವತ್ತು ಅದೇ ಮೂರು ಪದಗಳನ್ನು ನೀವು ನಮ್ಮ ವಿರುದ್ಧ ತೋರಿಸುತ್ತಿದ್ದೀರಿ.

ತಲೆಗೆ ಬಿದ್ದ ಏಟು ಕಾಲು ಮುರಿದ ಹಾಗಲ್ಲ ಸರ್. ಏಟು ಬಿದ್ದಾಗ ಮಿದುಳು ಬುರುಡೆಯೊಳಗೆ ಅಲುಗಿ, ಹಣೆಯ ಹಿಂದಿನ ಭಾಗ ಎಲುಬಿಗೆ ಬಡಿಯುತ್ತದಂತೆ. ಎಳೆಗಳಂಥ ನರತಂತುಗಳು ಅಲ್ಲಲ್ಲಿ ಹರಿಯುತ್ತವೆ. ಸಿಟಿ ಸ್ಕ್ಯಾನಿನಲ್ಲಿ ರಕ್ತ ಕಾಣುತ್ತದೆ, ಹರಿದ ಎಳೆಗಳು ಎಷ್ಟೋ ಸಲ ಕಾಣುವುದಿಲ್ಲ. ಹಣೆಯ ಹಿಂದಿನ ಆ ಭಾಗ ಕೆಟ್ಟವರು ನಡೆಯುತ್ತಾರೆ, ಮಾತಾಡುತ್ತಾರೆ, ಹಳೆಯ ಕಥೆಯನ್ನೆಲ್ಲ ಹೇಳುತ್ತಾರೆ. ಈಗ ಮಾಡುತ್ತಿರುವ ಕೆಲಸವನ್ನು ಕೊನೆ ಮುಟ್ಟಿಸುವುದು, ಕೋಪ ತಡೆಯುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡುವುದು, ಅದು ಆಗುವುದಿಲ್ಲ. ಇನ್ನೊಂದು ವಿಷಯ, ತಾವು ಕೆಟ್ಟಿದ್ದೇವೆ ಎನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ. ನೀವು "ಹೇಗಿದ್ದೀರಿ?" ಎಂದು ಅವರನ್ನೇ ಕೇಳಿದಿರಿ. "ಸೂಪರ್ ಆಗಿದೀನಿ ಸಾರ್" ಎಂದರು. ನಿಜವಾಗಿ ಹಾಗೇ ನಂಬಿದ್ದಾರೆ.

ಮನೆಯಲ್ಲಿ ನಡೆದ ಒಂದು ಬೆಳಗನ್ನು ಹೇಳುತ್ತೇನೆ. ಒಲೆ ಮೇಲೆ ಹಾಲಿಟ್ಟು, "ಉಕ್ಕಿದರೆ ಆಫ್ ಮಾಡ್ರೀ" ಎಂದು ಹೇಳಿ ದನಕ್ಕೆ ಹುಲ್ಲು ಹಾಕಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಹಾಲು ಉಕ್ಕಿ, ಬತ್ತಿ, ತಳ ಹಿಡಿದು, ಪಾತ್ರೆ ಕಪ್ಪಗಾಗಿ ಮನೆಯೆಲ್ಲ ಹೊಗೆ. ಸೀದ ವಾಸನೆಗೆ ಬೀದಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡುತ್ತಿದ್ದರು. ಇವರು ಒಲೆಯಿಂದ ಎರಡು ಮೊಳ ದೂರದಲ್ಲಿ ಕೂತು ಅವರೇಕಾಯಿ ಬಿಡಿಸುತ್ತಿದ್ದರು. ಅವರಿಗೆ ವಾಸನೆ ಹೊಡೆಯಲೇ ಇಲ್ಲ. ಮೂಗಿನ ಮೇಲೆ ಮಿದುಳಿಗೆ ಹೋಗುವ ಸಣ್ಣ ನರಗಳು ಏಟಿಗೆ ಹರಿದಿವೆ ಎಂದು ಡಾಕ್ಟರ್ ಆಮೇಲೆ ಹೇಳಿದರು. ಗ್ಯಾಸ್ ಸೋರಿದರೂ ಗೊತ್ತಾಗದು. ಅವತ್ತಿನಿಂದ ಅವರೊಬ್ಬರನ್ನೇ ಬಿಟ್ಟು ಹೋಗಬೇಕಾದರೆ ಸಿಲಿಂಡರ್ ರೆಗ್ಯುಲೇಟರ್ ಬಿಚ್ಚಿ ಬೀರುವಿನಲ್ಲಿಟ್ಟು ಹೋಗುತ್ತೇನೆ. ಗಂಡನಿಗೆ ಹೆದರಿ ಗ್ಯಾಸ್ ಬಚ್ಚಿಡುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಎಂಟನೇ ತಿಂಗಳಲ್ಲಿ ಮೊದಲ ಸಲ ಫಿಟ್ಸ್ ಬಂತು. ಇನ್ನು ಬೈಕ್ ಇಲ್ಲ, ಬಾವಿಕಟ್ಟೆ ಇಲ್ಲ, ಪಂಪ್‌ಸೆಟ್ ಹತ್ತಿರ ಒಬ್ಬರೇ ಹೋಗುವಂತಿಲ್ಲ. ಮಾತ್ರೆ ತಪ್ಪುವಂತಿಲ್ಲ.

ಮಂಡಿಗೆ ಹೋಗಿಯೂ ನೋಡಿದರು. ಒಂದು ಸೋಮವಾರ ಬಿಳಿ ಅಂಗಿ ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು ಹೊರಟರು, ಜೊತೆಗೆ ನನ್ನ ಮೈದುನ. ಬಾಕ್ಸ್ ಮೇಲೆ ಹತ್ತಿದಾಗ ಹಳೆಯ ವ್ಯಾಪಾರಿಗಳೆಲ್ಲ ಚಪ್ಪಾಳೆ ತಟ್ಟಿದರಂತೆ. ಮೊದಲ ಲಾಟ್ ಸರಿ ಹೋಯಿತು. ಎರಡನೆಯದರಲ್ಲಿ ನಾನೂರಕ್ಕೆ ಶುರು ಮಾಡಿ ನಾನೂರ ಎಂಬತ್ತಕ್ಕೆ ಬಂದು, ಆ ರೇಟು ಯಾರು ಕೂಗಿದ್ದು ಎನ್ನುವುದೇ ಮರೆತುಹೋಯಿತು. ನಿಂತರು. ಮತ್ತೆ ನಾನೂರರಿಂದ ಶುರು ಮಾಡಿದರು. ಅರವತ್ತು ಬಾಕ್ಸ್ ತಂದಿದ್ದ ಶ್ರೀನಿವಾಸಪುರದ ಕಡೆಯ ರೈತ ಬೈದ. ಬೈಯಲಿ ಬಿಡಿ, ಅವನ ಮೂರು ತಿಂಗಳ ಬೆವರು ಅದು. ಇವರು ಅವನ ಕೊರಳಪಟ್ಟಿ ಹಿಡಿದರು. ಹದಿನಾಲ್ಕು ವರ್ಷದಲ್ಲಿ ರೈತರೊಬ್ಬರಿಗೂ ಏಕವಚನ ಆಡಿದವರಲ್ಲ. ಸಂಜೆ ಮಂಡಿ ಮಾಲೀಕರು ನನಗೆ ಫೋನ್ ಮಾಡಿ, "ಅಕ್ಕಾ, ಅಣ್ಣನಿಗೆ ಇನ್ನೂ ಸ್ವಲ್ಪ ದಿನ ರೆಸ್ಟ್ ಕೊಡ್ಸಿ" ಎಂದರು. ಅದಾದ ಮೇಲೆ ಅವರು ಕರೆದಿಲ್ಲ, ನಾನು ಕೇಳಿಲ್ಲ.

ಈಗ ಅಂಗವೈಕಲ್ಯ ಪ್ರಮಾಣಪತ್ರದಲ್ಲಿರುವ, ನೀವು ಹಿಡಿದುಕೊಂಡಿರುವ ಶೇಕಡಾ 25ಕ್ಕೆ ಬರುತ್ತೇನೆ. ಆ ಪ್ರಮಾಣಪತ್ರ ಕೊಟ್ಟ ದಿನ ನಾನೂ ಅಲ್ಲಿದ್ದೆ. ಕೈ ಎತ್ತಿಸಿದರು, ಕಾಲು ಮಡಿಸಿದರು, ಹತ್ತು ಹೆಜ್ಜೆ ನಡೆಸಿದರು, ಹೆಸರು, ಊರು ಕೇಳಿದರು. ಹತ್ತು ನಿಮಿಷ. ಡಾಕ್ಟರನ್ನು ನಾನು ದೂರುವುದಿಲ್ಲ, ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಆದರೆ ಪೆಟ್ಟು ಬೀಳದ ಕೈಕಾಲನ್ನು ಅಳೆದು ಪೆಟ್ಟು ಬಿದ್ದ ತಲೆಗೆ ಅಂಕ ಕೊಟ್ಟರೆ ಹೇಗೆ? ನಾನು ಅಂಗನವಾಡಿ ಕಾರ್ಯಕರ್ತೆ. ಮಗುವಿನ ತೂಕ ನೋಡಲು ತಕ್ಕಡಿ ಬೇಕು, ಎತ್ತರ ನೋಡಲು ಪಟ್ಟಿ ಬೇಕು. ಪಟ್ಟಿ ಹಿಡಿದು ತೂಕ ಬರೆದರೆ ನಮ್ಮ ಮೇಲ್ವಿಚಾರಕಿ ಸುಮ್ಮನಿರುತ್ತಾರಾ?

ತಲೆಯನ್ನು ಅಳೆಯುವ ತಕ್ಕಡಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜನಕ್ಕೆ ಹೊಂದುವ ಹಾಗೆ ಒಂದು ಪರೀಕ್ಷಾ ಸರಣಿಯನ್ನೇ ರೂಪಿಸಿದ್ದಾರೆ, ಗಮನಕ್ಕೆ ಬೇರೆ, ನೆನಪಿಗೆ ಬೇರೆ, ಯೋಜನೆಗೆ ಬೇರೆ. ವಕೀಲರು ಹೇಳಿದ ಮೇಲೆ ನಾವು ಬೆಂಗಳೂರಿನಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದೆವು. ಆ ಹುಡುಗಿ, ನನ್ನ ತಂಗಿಯ ವಯಸ್ಸಿರಬೇಕು, 15 ಪದಗಳ ಪಟ್ಟಿ ಓದಿ, ನೆನಪಿದ್ದಷ್ಟು ಹೇಳಿ ಅಣ್ಣಾ ಎಂದರು. ಹೀಗೆ ಐದು ಸಲ ಅದೇ ಪಟ್ಟಿ. ಮೊದಲ ಸಲ ನಾಲ್ಕು ಪದ ಹೇಳಿದರು. ಐದನೇ ಸಲ ಐದು. ಮೂಲೆಯಲ್ಲಿ ಕೂತಿದ್ದ ನನಗೇ ಅಷ್ಟು ಹೊತ್ತಿಗೆ ಹನ್ನೆರಡು ಬಾಯಿಪಾಠ ಆಗಿತ್ತು. ಅರ್ಧ ಗಂಟೆ ಬೇರೆ ಏನೇನೋ ಮಾಡಿಸಿ, ಆಗಲೇ ಓದಿದ ಪಟ್ಟಿಯಲ್ಲಿ ಏನೇನಿತ್ತು ಎಂದು ಕೇಳಿದರು. ಇವರು ಸೌಜನ್ಯದಿಂದ ನಕ್ಕು, "ಯಾವ ಪಟ್ಟಿ ಮೇಡಂ? ನೀವು ಏನೂ ಓದಿಲ್ಲವಲ್ಲ" ಎಂದರು.

ಆ ವರದಿ ಈಗ ಕಡತದಲ್ಲಿದೆ. ನಿಮ್ಮ ಕಡೆಯವರು ಅದನ್ನು ಖಾಸಗಿ ವರದಿ, ನಂಬಬೇಕಾಗಿಲ್ಲ ಎನ್ನುತ್ತಾರೆ. ಸರಿ, ನಂಬಬೇಡಿ. ನೀವೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅದಕ್ಕೂ ಒಪ್ಪುವುದಿಲ್ಲ!

ಲೆಕ್ಕವನ್ನೂ ನೋಡಿಬಿಡೋಣ. ಅಪಘಾತದ ದಿನ ಅವರಿಗೆ 38 ವರ್ಷ. 36ರಿಂದ 40ರೊಳಗಿನವರಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 15 ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಪಟ್ಟಿ ಮಾಡಿಟ್ಟಿದೆ. ಸ್ವಂತ ದುಡಿಮೆಯವರಿಗೂ, ಸಂಬಳ ನಿಗದಿಯಾಗಿರುವವರಿಗೂ 40 ವರ್ಷದೊಳಗೆ ಮುಂದಿನ ಏರಿಕೆಯೆಂದು ಶೇ 40 ಸೇರಿಸಬೇಕು ಎಂದು 2017ರಲ್ಲಿ ಸಂವಿಧಾನ ಪೀಠ ಹೇಳಿದೆ. ಮಂಡಿ ಸಂಬಳಕ್ಕೆ ಸ್ಲಿಪ್ ಎಲ್ಲಿಂದ ತರಲಿ, ಕೈಗೆ ನಗದು ಕೊಡುತ್ತಿದ್ದರು. ತಿಂಗಳಿಗೆ 20,000 ಎಂದೇ ಇಟ್ಟುಕೊಳ್ಳಿ. ಶೇ 40 ಸೇರಿದರೆ 28,000. ಹನ್ನೆರಡು ತಿಂಗಳು, ಗುಣಕ ಹದಿನೈದು, ಒಟ್ಟು 50,40,000. ಇದರಲ್ಲಿ ದುಡಿಮೆಯ ಶಕ್ತಿ ಎಷ್ಟು ಹೋಯಿತೋ ಅಷ್ಟು ಪಾಲು ಪರಿಹಾರ. ಶೇ 25 ಎಂದರೆ 12,60,000. ನೀವು ಆದಾಯವನ್ನೂ ಕಡಿಮೆ ಹಿಡಿದು, ಆಸ್ಪತ್ರೆ ಬಿಲ್ಲನ್ನೂ ಅದರಲ್ಲೇ ಸೇರಿಸಿ, ಎಲ್ಲಾ ಕೂಡಿ ಒಂಬತ್ತೂವರೆ ಲಕ್ಷ ಎಂದಿರಿ.

ಆ ಶೇ 25ನ್ನು ದುಡಿಮೆಯ ಮೇಲೂ ಹಾಗೆಯೇ ಎಳೆಯುವಂತಿಲ್ಲ ಎನ್ನುವುದು ನಿಮಗೆ ಹೊಸತಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದು ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2010ರಲ್ಲಿ ಬರೆದ ತೀರ್ಪನ್ನು ವಕೀಲರು ನನಗೆ ಬಿಡಿಸಿ ಹೇಳಿದರು. ಎಡಗೈ ಕಳೆದುಕೊಂಡವನಿಗೆ ಡಾಕ್ಟರು ಶೇ 60 ಎಂದು ಬರೆಯಬಹುದು. ಅವನು ಡ್ರೈವರ್ ಅಥವಾ ಬಡಗಿಯಾಗಿದ್ದರೆ ದುಡಿಮೆ ಹೋಗುವುದು ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಉಳಿಯಬಹುದು. ಗಾಯ ಒಂದೇ, ನಷ್ಟ ಬೇರೆ. ಬಡಗಿಗೆ ಕೈ ಹೇಗೋ ಹರಾಜು ಕೂಗುವವನಿಗೆ ನೆನಪು ಹಾಗೆ. ಇವರ ಎರಡೂ ಕೈ ಚೆನ್ನಾಗಿವೆ ಸರ್, ಒಪ್ಪುತ್ತೇನೆ.

ನಿಮ್ಮ ಒಂಬತ್ತೂವರೆ ಲಕ್ಷದಲ್ಲಿ ಆಸ್ಪತ್ರೆಗೆ ನಾವು ಕಟ್ಟಿರುವುದೇ 6,80,000. ನನ್ನ ಸರ, ಅತ್ತೆಯ ಬಳೆ ಇನ್ನೂ ಅಡವಿನಲ್ಲಿವೆ. ಉಳಿಯುವುದು 2,70,000. ಅವರಿಗೆ 60 ಆಗಲು ಇನ್ನೂ 20 ವರ್ಷ. ಭಾಗಿಸಿದರೆ ತಿಂಗಳಿಗೆ 1,125 ರೂಪಾಯಿ. ಫಿಟ್ಸ್ ಮಾತ್ರೆಗೆ ನಮಗೆ ಒಂಬೈನೂರರ ಹತ್ತಿರ ಆಗುತ್ತದೆ.

"ನೋಡಿಕೊಳ್ಳಲು ನೀವಿದ್ದೀರಲ್ಲ" ಎಂದೂ ಅವತ್ತು ಅಂದಿರಿ. ಇದ್ದೇನೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಸಹಾಯಕಿಗೆ ಹೇಳಿ ಓಡಿಬಂದು ಇವರಿಗೆ ಮಾತ್ರೆ ಕೊಟ್ಟು ಓಡಿಹೋಗುತ್ತೇನೆ. ಒಂಬತ್ತನೇ ಕ್ಲಾಸಿನ ಮಗಳು ಟ್ಯೂಷನ್ ಬಿಟ್ಟು ಸಂಜೆ ಅಪ್ಪನ ಕಾವಲು. ಟ್ರ್ಯಾಕ್ಟರ್‌ನಲ್ಲಿ ಹೋಗುವಾಗ ಲಾರಿ ಗುದ್ದಿ ಮಿದುಳು ಕೆಟ್ಟ 12 ವರ್ಷದ ಹುಡುಗಿಯೊಬ್ಬಳಿಗೆ 2020ರಲ್ಲಿ ಸುಪ್ರೀಂ ಕೋರ್ಟ್ ಒಟ್ಟು 62,27,000 ಕೊಡಿಸಿತು. ಅದರಲ್ಲಿ ನೋಡಿಕೊಳ್ಳುವವರಿಗೆಂದೇ ತಿಂಗಳಿಗೆ 10,000ದಂತೆ, ಗುಣಕ 18 ಹಿಡಿದು, 21,60,000. ಆ ಮಗುವಿನ ಸ್ಥಿತಿ ಇವರಿಗಿಂತ ಎಷ್ಟೋ ಕಠಿಣ, ಹೋಲಿಸಲು ನನಗೆ ಮನಸ್ಸಿಲ್ಲ. ಕಾವಲು ಕೂರುವುದಕ್ಕೂ ಒಂದು ಬೆಲೆಯಿದೆ ಎಂದು ದೊಡ್ಡ ಕೋರ್ಟೇ ಹೇಳಿದೆ ಎನ್ನುವುದಕ್ಕಷ್ಟೇ ಬರೆದೆ.

ಇನ್ನು ಅದಾಲತ್ ದಿನದ ಒಂದು ಮಾತು. ನಿಮ್ಮ ವಕೀಲರು ಕಾಗದ ಮುಂದಿಟ್ಟಾಗ ನಮ್ಮ ಯಜಮಾನರು ಪೆನ್ನು ತೆಗೆದುಕೊಂಡು, "ಎಲ್ಲಿ ಹಾಕ್ಲಿ ಸಾರ್?" ಎಂದರು. ಕೈ ಹಿಡಿದದ್ದು ನಾನು. ನೀವು ಅದನ್ನು ಹೆಂಡತಿಯ ದುರಾಸೆ ಎಂದುಕೊಂಡಿರಿ, ನಿಮ್ಮ ಮುಖವೇ ಹೇಳುತ್ತಿತ್ತು. ಹಿಂದಿನ ವಾರ ಯಾರೋ ಚೀಟಿ ಹಣವೆಂದು ಬಂದಾಗಲೂ ಹೀಗೇ "ಎಲ್ಲಿ ಸಾರ್?" ಎಂದು ಸಹಿ ಹಾಕಿ ನಾಲ್ಕು ಸಾವಿರ ಕೊಟ್ಟು ಕಳಿಸಿದ್ದರು. ಸಹಿ ಮಾತ್ರ ಅಂದಿನಂತೆಯೇ ಇದೆ, ಒಂದು ಗೆರೆ ತಪ್ಪಿಲ್ಲ. ಅದಾಲತ್ತಿನಲ್ಲಿ ರಾಜಿಯಾದರೆ ಅದರ ಮೇಲೆ ಅಪೀಲಿಲ್ಲ. ಬೇಗ ಮುಗಿಯುತ್ತದೆ ಎನ್ನುವುದು ನಿಜ, ಎಷ್ಟೋ ಜನಕ್ಕೆ ಒಳ್ಳೆಯದೂ ಹೌದು. ಮತ್ತೆ ಬಾಗಿಲು ತಟ್ಟಲಾಗದ ಕಾಗದಕ್ಕೆ, ಕಾಫಿ ಕೊಟ್ಟದ್ದು ನೆನಪಿಲ್ಲದ ಮನುಷ್ಯನ ಸಹಿ ಹಾಕಿಸಿಕೊಳ್ಳಬಹುದೇ ಎಂದು ನೀವೇ ಯೋಚಿಸಿ.

ಇದನ್ನು ಓದುವ ಬೇರೆ ಮನೆಯವರಿಗೂ ಎರಡು ಮಾತು, ನಮ್ಮ ಹೆದ್ದಾರಿಯಲ್ಲಿ ನಾಳೆ ಯಾರ ಸರದಿಯೋ. 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ಮೋಟಾರು ವಾಹನ ಕಾಯ್ದೆಯಲ್ಲಿದೆ. ಆ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ, ಅದನ್ನು ನಂಬಿಕೊಂಡು ಕೂರಬೇಡಿ. ನನಗೆ ಗೊತ್ತಾದದ್ದು ಐದನೇ ತಿಂಗಳಲ್ಲಿ, ಅದೂ ಬಸ್ಸಿನಲ್ಲಿ ಪಕ್ಕ ಕೂತವರು ಹೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಕೇಳಿ. ತಲೆಗೆ ಪೆಟ್ಟಾಗಿದ್ದರೆ ನೆನಪು, ಗಮನದ ಪರೀಕ್ಷೆ ಮಾಡಿಸದೆ ಯಾವ ಶೇಕಡಾವಾರಿಗೂ ಒಪ್ಪಬೇಡಿ. ಮತ್ತೆ ಒಂದು ನೋಟ್‌ಬುಕ್ ಇಡಿ.

ನಮ್ಮಲ್ಲಿ ಆ ನೋಟ್‌ಬುಕ್ ಇದೆ. ನೂರು ಪುಟದ ಎರಡು ತುಂಬಿ ಮೂರನೆಯದು ನಡೆಯುತ್ತಿದೆ. ಬರೆಯುವುದು ಮಗಳು. "ಅಪ್ಪ ಸ್ನಾನ ಎರಡು ಸಲ." "ಅಪ್ಪ ನನ್ನ ಕ್ಲಾಸ್ ಯಾವುದು ಅಂತ ಕೇಳಿದ್ರು, ಏಳು ಅಂದ್ಕೊಂಡಿದಾರೆ." ಅಪಘಾತವಾದಾಗ ಅವಳು ಏಳನೇ ಕ್ಲಾಸಿನಲ್ಲಿದ್ದಳು. ನೀವು ಬಂದ ದಿನದ ಪುಟದಲ್ಲಿ "ಇನ್ಶೂರೆನ್ಸ್ ಅಂಕಲ್ ಬಂದಿದ್ರು. ಕಾಫಿ 3" ಎಂದಿದೆ.

ಮುಂದಿನ ವಾಯಿದೆಗೆ ಮೊದಲು ಮತ್ತೊಮ್ಮೆ ಮನೆಗೆ ಬನ್ನಿ ಎಂದು ಕೇಳಲು ಈ ಪತ್ರ. ಮುಂಚೆ ತಿಳಿಸಬೇಕಾಗಿಲ್ಲ. ಬೇಕಾದರೆ ನಿಮ್ಮ ಕಂಪನಿಯ ಡಾಕ್ಟರನ್ನೂ ಕರೆತನ್ನಿ. ಹತ್ತು ನಿಮಿಷಕ್ಕೆ ಎದ್ದು ಹೋಗದೆ ಒಂದು ಗಂಟೆ ಕೂರಿ. ನಿಮ್ಮ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನನ್ನ ಹೆಸರೇನು ಎಂದು ಅವರನ್ನು ಕೇಳಿ. ಮೂರೂ ನೋಟ್‌ಬುಕ್ ಮೇಜಿನ ಮೇಲೆ ಇಟ್ಟಿರುತ್ತೇನೆ. ಬೇರೆ ಊರಿಗೆ ಕರೆದು ಪರೀಕ್ಷೆ ಮಾಡಿಸುತ್ತೇವೆ ಎಂದರೂ ಬರುತ್ತೇವೆ, ಬಸ್ ಚಾರ್ಜು ಕೇಳುವುದಿಲ್ಲ.

ಇತಿ,
ಕೋಲಾರ ತಾಲ್ಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ